ಒಂದು ಗಂಟೆ ಇಪ್ಪತ್ತು ನಿಮಿಷ

ಟಕ್...

ಸ್ಟೀಲ್ ಡಬ್ಬಿಯ ಮುಚ್ಚಳ ಮುಚ್ಚಿದ ಸದ್ದು. ಅಷ್ಟಕ್ಕೇ ಹಂಸಿನಿಗೆ ಎಚ್ಚರವಾಯಿತು.

ಬೆಳಗಿನ ಓಟಕ್ಕೆಂದು ದೆಹಲಿಯ ಕನ್ನಡಿಗರ ಓಟದ ಬಳಗ ಮಾನೇಸರ್ ದಾಟಿ, ಅರಾವಳಿ ಗುಡ್ಡದ ಬುಡದ ಫಾರ್ಮ್‌ಹೌಸ್‌ನಲ್ಲಿ ರಾತ್ರಿ ತಂಗಿತ್ತು. ಪಕ್ಕದಲ್ಲಿ ಗೆಳತಿ ಪದ್ಮಾ ಗಾಢ ನಿದ್ದೆಯಲ್ಲಿದ್ದಳು. ಹಂಸಿನಿ ಬಾಗಿಲ ಸಂದಿಯಿಂದ ಇಣುಕಿದಳು.

ಹಾಲ್‌ನ ಮೇಜಿನ ಬಳಿ ಸಾತ್ವಿಕ್! ಬಳಗದಲ್ಲೇ ಎಲ್ಲರಿಗಿಂತ ವೇಗವಾಗಿ ಓಡುವವನು. ಡಬ್ಬಿಯನ್ನು ಇದ್ದಲ್ಲಿಗೇ ಸರಿಸಿ, ಸದ್ದಾಗದಂತೆ ಹೊರಟುಹೋದ.

ಇವರ ಓಟದಲ್ಲಿ ಮೊದಲು ಬಂದವರು ಗೆಲ್ಲುವುದಿಲ್ಲ. ಎಂಟು ಕಿಲೋಮೀಟರ್ ಗುಡ್ಡದ ಹಾದಿಗೆ ತನಗೆಷ್ಟು ಹೊತ್ತು ಬೇಕೆಂದು ಪ್ರತಿಯೊಬ್ಬರೂ ಚೀಟಿಯಲ್ಲಿ ಬರೆದು ಡಬ್ಬಿಗೆ ಹಾಕಬೇಕು. ವಾಚಿಲ್ಲದೆ ಓಡಿ, ಬರೆದ ಸಮಯಕ್ಕೆ ತೀರಾ ಹತ್ತಿರ ಬಂದವರೇ ಗೆದ್ದಂತೆ. ಹಾಕಿದ ಚೀಟಿಯನ್ನು ಬದಲಿಸುವಂತಿಲ್ಲ. ಆ ಡಬ್ಬಿಯ ಹೊಣೆಯನ್ನು ಬಳಗದ ಹಿರಿಯರಾದ ತಿಪ್ಪೇಸ್ವಾಮಿಯವರು ಹಂಸಿನಿಗೇ ವಹಿಸಿದ್ದರು.

ಈಗಲೇ ಅವರನ್ನು ಎಬ್ಬಿಸಿ ಹೇಳಬೇಕು. ಹೇಳಿದರೆ ಸಾತ್ವಿಕ್ ಇನ್ನು ಬಳಗಕ್ಕೆ ಬರುವುದಿಲ್ಲ...

ಆರು ತಿಂಗಳಿಂದ ಅವನೊಡನೆ ಒಂದು 'ಗುಡ್ ಮಾರ್ನಿಂಗ್' ಬಿಟ್ಟು ಬೇರೆ ಮಾತಾಡಿರಲಿಲ್ಲ. ಆದರೂ ಪ್ರತಿ ಭಾನುವಾರ ಅವಳ ಕಣ್ಣು ಮೊದಲು ಹುಡುಕುತ್ತಿದ್ದುದು ಅವನನ್ನೇ. ಅವನು ಮೋಸಗಾರನೇ? ಅದೊಂದು ಗೊತ್ತಾಗಲೇಬೇಕಿತ್ತು.

ನಸುಕಿನಲ್ಲಿ, ಯಾರೂ ಏಳುವ ಮೊದಲು, ಅವಳೇ ಡಬ್ಬಿ ತೆರೆದಳು.

'ಸಾತ್ವಿಕ್ – 1 ಗಂಟೆ 20 ನಿಮಿಷ.'

ಹಂಸಿನಿ ಬೆಚ್ಚಿದಳು. ಅವನು ಮುಕ್ಕಾಲು ಗಂಟೆಯಲ್ಲಿ ಮುಗಿಸುವ ಹಾದಿ ಅದು. ಒಂದು ಗಂಟೆ ಇಪ್ಪತ್ತು ನಿಮಿಷ ಅವಳು ಬರೆದಿದ್ದ ಸಮಯ! ನನ್ನ ಚೀಟಿ ನೋಡಿದನೇ? ನನ್ನ ನಿಧಾನವನ್ನು ಆಡಿಕೊಳ್ಳುವುದಕ್ಕೇ?

ಓಟ ಶುರುವಾಯಿತು. ಎಲ್ಲರೂ ಮುಂದೆ ಹೋದರು. ಏರು ಹಾದಿಯಲ್ಲಿ, ಜಾಲಿ ಗಿಡಗಳ ನಡುವೆ, ಅವಳ ಹಿಂದೆ ಒಂದೇ ಜೊತೆ ಹೆಜ್ಜೆಯ ಸದ್ದು. ಅವಳು ನಡೆದರೆ ಅದೂ ನಡೆಯುತ್ತಿತ್ತು.

ಹಂಸಿನಿ ನಿಂತು ತಿರುಗಿದಳು.

"ರಾತ್ರಿ ನಿಮ್ಮನ್ನ ನೋಡಿದೆ. ನನ್ನ ಚೀಟಿ ಓದಿದ್ರಾ?"

ಸಾತ್ವಿಕ್‌ನ ಮುಖ ಇಳಿಯಿತು. "ಇಲ್ಲ. ಊಟದ ಹೊತ್ತಲ್ಲಿ ಪದ್ಮಾ ಹತ್ರ ನೀವೇ ಹೇಳ್ತಿದ್ರಿ, ಗಂಟೆ ಇಪ್ಪತ್ತು ನಿಮಿಷ ಬೇಕು ಅಂತ. ನಾನು ನನ್ನ ಚೀಟಿ ಮಾತ್ರ ಬದಲಾಯಿಸಿದೆ."

"ಯಾಕೆ?"

ಪ್ರತಿ ಭಾನುವಾರ ಅವಳು ಓಟ ಮುಗಿಸುವಷ್ಟರಲ್ಲಿ ತನ್ನನ್ನು ಪಾಳಿಗೆ ಕರೆದೊಯ್ಯುವ ಫ್ಯಾಕ್ಟರಿಯ ಬಸ್ಸು ಬಂದುಬಿಡುತ್ತದೆ ಎಂದ. ಆರು ತಿಂಗಳಿಂದ ಹೀಗೇ ಆಗಿದೆ ಎಂದ.

"ವೇಗವಾಗಿ ಓಡಿ ಏನು ಬಂತು ಹೇಳಿ... ನಿಮ್ಮ ಜೊತೆ ಒಂದು ಗಂಟೆ ಇಪ್ಪತ್ತು ನಿಮಿಷ ಬೇಕಿತ್ತು. ಅಷ್ಟೇ."

ಹಂಸಿನಿಯ ಎದೆ ಹೊಡೆದುಕೊಂಡಿತು. ಏರು ಹಾದಿಯಿಂದಲ್ಲ.

"ಬೆಳಿಗ್ಗೆ ನಾನೂ ಡಬ್ಬಿ ತೆಗೆದೆ," ಎಂದಳು ಮೆಲ್ಲಗೆ.

"ಅಚ್ಛಾ! ಕಾವಲಿಗಿದ್ದವರೇ?"

ಇಬ್ಬರಿಗೂ ನಗು ಬಂತು. ಆದರೆ ಅವಳ ಒಳಗಿನ ಅಳುಕು ಹೋಗಲಿಲ್ಲ. ಹೀಗೇ ಓಡಿದರೆ ಅವನು ಗೆದ್ದರೂ ಗೆಲ್ಲಬಹುದು. ಬದಲಿಸಿದ ಚೀಟಿಯ ಗೆಲುವು.

"ಗೆಲ್ಲಬಾರದು," ಎಂದು ಅವಳು ಬಂಡೆಯ ಮೇಲೆ ಕುಳಿತಳು. "ಕೂತ್ಕೊಳ್ಳಿ. ಹೊತ್ತು ಮೀರಲಿ."

ಅವನು ಕುಳಿತ. ಅವಳ ಸಂಶೋಧನೆ, ಅವನ ಪಾಳಿ, ಇಬ್ಬರೂ ದೆಹಲಿಯಲ್ಲಿ ಹುಡುಕಿ ಸೋತ ಒಳ್ಳೆಯ ಕಾಫಿ... ಬಿಸಿಲು ಬಂಡೆಗೆ ಬರುವವರೆಗೂ ಮಾತು ಮುಗಿಯಲಿಲ್ಲ.

ಇಬ್ಬರೂ ಇಳಿದು ಬಂದಾಗ ಕೆಳಗೆ ತಿಪ್ಪೇಸ್ವಾಮಿ ವಾಚು ನೋಡುತ್ತ ನಿಂತಿದ್ದರು. ಎರಡು ಗಂಟೆ ಹತ್ತು ನಿಮಿಷ!

"ಏನಾಯ್ತಮ್ಮಾ? ಇವನೂ ನಿನ್ನ ಜೊತೆ ಕೊನೆಗೆ ಬಂದ್ನಲ್ಲ?"

ಸಾತ್ವಿಕ್ ಬಾಯಿ ತೆರೆದ. ಹಂಸಿನಿ ಮೊದಲೇ ಹೇಳಿದಳು: "ಅಂಕಲ್, ಮುಂದಿನ ಸಲ ಡಬ್ಬಿ ಬೇರೆಯವರಿಗೆ ಕೊಡಿ. ನನ್ನ ಕೈಲಿ ಆಗಲ್ಲ."

ಅವರು ಅರ್ಥವಾಗದೆ ತಲೆಯಾಡಿಸಿ ಫಲಿತಾಂಶ ಓದಲು ಹೋದರು.

"ಮುಂದಿನ ಭಾನುವಾರ?" ಸಾತ್ವಿಕ್ ಪಿಸುಗುಟ್ಟಿದ.

"ನಿಮ್ಮ ಬಸ್ಸು ಹೋಗಲಿ. ಮೆಟ್ರೋವರೆಗೆ ನಾನು ಬರ್ತೀನಿ."

ಪದ್ಮಾ ಓಡಿಬಂದು, ಗುಡ್ಡದ ಮೇಲೆ ಏನು ನಡೆಯಿತೆಂದು ಅವಳ ತೋಳು ಹಿಡಿದು ಕೇಳಿದಳು. ಹಂಸಿನಿ ಗೆಳತಿಗೆ ಏನನ್ನೂ ಮುಚ್ಚಿಟ್ಟವಳಲ್ಲ. ಇದನ್ನು ಮಾತ್ರ ಯಾರಿಗೂ ಹೇಳುವುದಿಲ್ಲವೆಂದು ಆ ಕ್ಷಣವೇ ನಿಶ್ಚಯಿಸಿದಳು.