ಹನ್ನೊಂದು ತಿಂಗಳ ಕೆರೆ ರೀಡಿಂಗ್

2025ರ ಜೂನ್ 3, ಮಂಗಳವಾರ, ಬೆಳಿಗ್ಗೆ 10.40. ಮುಳಬಾಗಿಲು ತಾಲೂಕಿನ ಆ ಠಾಣೆಗೆ ಬಂದ ದೂರು ಹದಿನಾಲ್ಕು ಪುಟಗಳಷ್ಟಿತ್ತು. ಪೀಠಿಕೆ, ಉದ್ದೇಶ, ವಿಧಾನ, ಎರಡು ನಕ್ಷೆ, ಕೊನೆಗೆ ಉಪಸಂಹಾರ.

ಸಬ್ ಇನ್ಸ್‌ಪೆಕ್ಟರ್ ಮುರಳಿಮೋಹನನಿಗೆ ಆಗಲೇ ತಲೆ ಕೆಟ್ಟಿತ್ತು. ನಂಗಲಿ ಹತ್ತಿರ ಟೊಮೆಟೊ ಲಾರಿ ಮಗುಚಿ, ಮೂರು ಗಂಟೆ ಹೆದ್ದಾರಿಯಲ್ಲಿ ನಿಂತು ಬಂದಿದ್ದ. ಬೂಟಿಗೆ ಇನ್ನೂ ಟೊಮೆಟೊ ಸಿಪ್ಪೆ ಅಂಟಿತ್ತು.

"ಏನಮ್ಮ ಕಳುವಾಗಿರೋದು?"

"ಪ್ರಾಜೆಕ್ಟ್, ಸರ್."

"ಪ್ರಾಜೆಕ್ಟ್‌ನ ಯಾರು ಕದೀತಾರೆ? ವಸ್ತು ಹೇಳಿ."

ತಾಯಲೂರಿನ ಮುಬಶ್ಶಿರಾ ಕೋಲಾರದ ಒಂದು ಖಾಸಗಿ ಕಾಲೇಜಿನಲ್ಲಿ ಎಂ.ಟೆಕ್. ಕೊನೆಯ ಸೆಮಿಸ್ಟರ್. ತನ್ನೂರ ಬಳಿಯ ಕೆರೆಯಲ್ಲಿ ನೀರು ಎಷ್ಟು ಇಂಗುತ್ತದೆ ಎಂದು ಗಂಟೆಗೊಮ್ಮೆ ಅಳೆದು ಇಡುವ ಸಣ್ಣ ಯಂತ್ರವನ್ನು ಅವಳೇ ಕಟ್ಟಿದ್ದಳು. ತೂಬಿನ ಕಲ್ಲುಕಂಬಕ್ಕೆ ಬಿಗಿದ ಕಬ್ಬಿಣದ ಪೆಟ್ಟಿಗೆಯಲ್ಲಿ ಅದು ಹನ್ನೊಂದು ತಿಂಗಳು ಕೆಲಸ ಮಾಡಿತ್ತು. ಶನಿವಾರ ಸಂಜೆ ನೋಡಿದಾಗ ಇತ್ತು. ಇವತ್ತು ಬೆಳಿಗ್ಗೆ ಇಲ್ಲ. ಹನ್ನೆರಡನೇ ತಾರೀಕು ವೈವಾ. ಹೊರಗಿನ ಪರೀಕ್ಷಕರು ಕೆರೆಗೇ ಬಂದು ಯಂತ್ರ ಪರೀಕ್ಷಿಸುವವರಿದ್ದರು.

"ರೀಡಿಂಗ್ ಕಾಪಿ ಇಲ್ವಾ?"

"ಇದೆ ಸರ್. ಯಂತ್ರ ಇಲ್ದೆ ಅವು ಬರೀ ಅಂಕಿ. ಮನೇಲಿ ಕೂತು ಬರೆದಿದ್ದೀಯ ಅಂದ್ರೆ ಏನು ಹೇಳ್ಲಿ? ಇನ್ನೊಂದು ವರ್ಷ ಮತ್ತೆ ಮಾಡು ಅಂತಾರೆ."

"ಸರಿ. ದೂರನ್ನ ಒಂದು ಪುಟಕ್ಕೆ ಇಳಿಸಿ."

ಅವಳು ಮೂರು ಪುಟ ತಂದಳು. ಮತ್ತೆ ವಾಪಸ್ ಕೊಟ್ಟ. ಅವಳು ಮುಖ ಸಣ್ಣದು ಮಾಡದೆ ಪೆನ್ನು ತೆಗೆದಳು.

"ನನ್ನ ಪ್ರಬಂಧನ ಗೈಡ್ ಒಂಬತ್ತು ಸಲ ವಾಪಸ್ ಕೊಟ್ಟಿದ್ದಾರೆ ಸರ್. ನಿಮ್ಮದು ಎರಡೇ."

12.15ಕ್ಕೆ ಭಾರತೀಯ ನ್ಯಾಯ ಸಂಹಿತೆಯ ಕಲಂ 303(2)ರ ಅಡಿ ಎಫ್‌ಐಆರ್ ಆಯಿತು.

ಮಧ್ಯಾಹ್ನ ಮೂರಕ್ಕೆ ಕೆರೆಯ ಬಳಿ ಪಂಚನಾಮೆ. ಹೆಡ್ ಕಾನ್‌ಸ್ಟೇಬಲ್ ಭಾರತಮ್ಮ ಪೆಟ್ಟಿಗೆಯ ಒಳಗೆ ಕೈಯಾಡಿಸಿ, "ಇದು ಗುಜರಿಯೋರ ಕೆಲಸ ಅಲ್ಲ ಸರ್" ಎಂದಳು. ಗುಜರಿಗೆ ಹಾಕುವವನು ಕಬ್ಬಿಣ ಬಿಟ್ಟು ಹೋಗುವುದಿಲ್ಲ. ಬೀಗ ಒಡೆದಿರಲಿಲ್ಲ. ಯಂತ್ರವನ್ನು ಹಿಡಿದಿದ್ದ ನಾಲ್ಕು ಬೋಲ್ಟುಗಳನ್ನು ಸರಿಯಾದ ಸ್ಪ್ಯಾನರ್‌ನಿಂದ ಬಿಚ್ಚಿ, ಒಳಗೇ ಸಾಲಾಗಿ ಇಟ್ಟಿದ್ದರು. ಬೀಗಕ್ಕೆ ಎರಡು ಕೀ: ಒಂದು ಮುಬಶ್ಶಿರಾಳ ಬಳಿ, ಇನ್ನೊಂದು ಕಾಲೇಜಿನ ಲ್ಯಾಬ್‌ನಲ್ಲಿ.

ಜೂನ್ 4ರಂದು ಕಾಲೇಜು. ಗೈಡ್ ಡಾ. ವೆಂಕಟ್ ಎದ್ದು ನಿಂತು ಮಾತಾಡಿಸಿದರು, ಕಾಫಿ ತರಿಸಿದರು. "ಹುಡುಗಿ ಜಾಣೆ. ಆತುರ ಸ್ವಲ್ಪ ಜಾಸ್ತಿ. ಬೇರೆ ವಿಷಯ ತಗೊಂಡು ಒಂದು ವರ್ಷ ತಡವಾಗಿ ಮುಗಿಸಿದ್ರೆ ನಷ್ಟ ಏನಿಲ್ಲ."

ಲ್ಯಾಬ್ ನೋಡಿಕೊಳ್ಳುವ ನರೇಶನ ಕೀ ರಿಜಿಸ್ಟರ್‌ನಲ್ಲಿ ಆ ವಾರ ಒಂದೂ ಸಹಿ ಇರಲಿಲ್ಲ.

"ಯಾರೂ ತಗೊಂಡಿಲ್ವಾ?"

"ಸಹಿ ಇಲ್ದೆ ಯಾರಿಗೂ ಕೊಡಲ್ಲ ಸರ್."

"ಅದಲ್ಲ ಕೇಳಿದ್ದು. ಯಾರು ತಗೊಂಡ್ರು?"

ನರೇಶ್ ಬಾಗಿಲ ಕಡೆ ನೋಡಿದ. "ವೆಂಕಟ್ ಸರ್. ಶನಿವಾರ ತಗೊಂಡು ಸೋಮವಾರ ಕೊಟ್ರು. ಅವರ ಹತ್ರ ಸಹಿ ಕೇಳೋಕಾಗುತ್ತಾ?"

ತನ್ನ ವಿದ್ಯಾರ್ಥಿನಿಯ ಯಂತ್ರವನ್ನು ಗೈಡೇ ಯಾಕೆ ಕದಿಯಬೇಕು? ಅದನ್ನೇ ಯೋಚಿಸುತ್ತ ಮುರಳಿಮೋಹನ್ ಠಾಣೆಗೆ ಬಂದರೆ, ಮುಬಶ್ಶಿರಾ ವಾಪಸ್ ಬಂದ ಒಂಬತ್ತೂ ಡ್ರಾಫ್ಟುಗಳನ್ನು ಚೀಲದಲ್ಲಿ ತಂದಿಟ್ಟಿದ್ದಳು.

"ಇದನ್ನೆಲ್ಲ ನಾನು ಓದ್ಬೇಕಾ?"

ಓದಿದ. ಎರಡು ಗಂಟೆ ಓದಿದರೂ ಒಂದು ಸಾಲೂ ತಲೆಗೆ ಹೋಗಲಿಲ್ಲ. ಇದಕ್ಕಿಂತ ಲಾರಿ ಎತ್ತಿಸುವುದೇ ವಾಸಿ ಅನ್ನಿಸಿತು. ಭಾರತಮ್ಮ ಓದುವ ಗೋಜಿಗೇ ಹೋಗಲಿಲ್ಲ, ಬರೀ ಹಾಳೆ ತಿರುವಿದಳು.

"ಸರ್, ಬೇರೆಲ್ಲ ಕಡೆ ಬೆಳ್ಳಗಿದೆ. ನಾಲ್ಕನೇ ಅಧ್ಯಾಯದಲ್ಲಿ ಮಾತ್ರ ಕೆಂಪು ಇಂಕು. ಒಂಬತ್ತರಲ್ಲೂ ಅದೇ ಪಟ್ಟಿ ಹೊಡೆದು ಹಾಕಿದ್ದಾರೆ."

ಆ ಪಟ್ಟಿಯಲ್ಲಿ ಮುಬಶ್ಶಿರಾ ತನ್ನ ಲೆಕ್ಕವನ್ನು ಅದೇ ಕೆರೆಯ ಹಳೆಯ ಅಧ್ಯಯನವೊಂದರ ಜೊತೆ ಹೋಲಿಸಿದ್ದಳು. ಎರಡರ ನಡುವೆ ಮೂರುಪಟ್ಟು ವ್ಯತ್ಯಾಸ. ಹಳೆಯ ಅಧ್ಯಯನ ಯಾರದು ಎಂದು ಕೊನೆಯ ಪುಟ ನೋಡಿದರೆ, ಎಂ. ವೆಂಕಟ್, ಪಿಎಚ್‌.ಡಿ. ಪ್ರಬಂಧ, 2013ರಿಂದ ಎರಡು ವರ್ಷದ ನೀರಿನ ಮಟ್ಟ.

ಜೂನ್ 5, ಬೆಳಿಗ್ಗೆ ಒಂಬತ್ತು. ಮೂವತ್ತು ವರ್ಷದಿಂದ ಆ ಕೆರೆಯ ತೂಬು ಎತ್ತುವ ಮುನಿಶಾಮಿ ಕಟ್ಟೆಯ ಮೇಲೆ ಸಿಕ್ಕ.

"2013, 14ರಲ್ಲಿ ಇಲ್ಲಿ ಯಾರಾದ್ರೂ ನೀರು ಅಳೀತಿದ್ರಾ?"

ಮುನಿಶಾಮಿ ನಕ್ಕ. "ನೀಳ್ಳೇ ಲೇವು ಸಾರ್. ನೀರಿದ್ರೆ ತಾನೆ ಅಳೆಯೋದು? ಆಗ ಕೆರೆ ತುಂಬ ಜಾಲಿ ಮುಳ್ಳು. ಮೇಕೆ ಬಿಡ್ತಿದ್ವಿ. ಈ ಹುಡುಗಿ ಬರೋವರ್ಗೂ ಯಾವೋನೂ ಅಳೆದಿಲ್ಲ."

"ಮೊನ್ನೆ ಭಾನುವಾರ ಯಾರಾದ್ರೂ ಬಂದಿದ್ರಾ?"

"ಬೆಳಿಗ್ಗೆ ಒಬ್ರು ಕನ್ನಡಕದೋರು ಬಂದಿದ್ರು. ಪ್ಯಾಂಟ್ ಮಡಚ್ಕೊಂಡು ತೂಬಿನತ್ರ ಇದ್ರು. ಕಾಲೇಜಿನೋರು ಅಂದ್ಕೊಂಡೆ."

ತಾಯಲೂರು ರಸ್ತೆಯ ಪೆಟ್ರೋಲ್ ಬಂಕಿನ ಕ್ಯಾಮೆರಾದಲ್ಲಿ ಭಾನುವಾರ ಬೆಳಿಗ್ಗೆ 6.10ಕ್ಕೆ ವೆಂಕಟ್ ಅವರ ಸ್ಕೂಟರು ಇತ್ತು. ವೆಂಕಟ್ ಫೋಟೊ ತೋರಿಸಿದಾಗ, ಬಂದಿದ್ದವರು ಇವರೇ ಎಂದು ಮುನಿಶಾಮಿ ಗುರುತಿಸಿದ.

ಜೂನ್ 6, ಶುಕ್ರವಾರ, 7.30. ಕೋಲಾರದಲ್ಲಿ ವೆಂಕಟ್ ಮನೆಯ ಶೋಧ. ಅಟ್ಟದ ಮೇಲೆ, ಟವೆಲ್ ಸುತ್ತಿದ ಯಂತ್ರ. ಮೆಮರಿ ಕಾರ್ಡ್ ಒಳಗೇ ಇತ್ತು. ಪಂಚರ ಎದುರು ಜಪ್ತಿಯಾಯಿತು. ಸಾಕ್ಷ್ಯ ನಾಶವಾಗುವ ಸಾಧ್ಯತೆಯಿದ್ದುದರಿಂದ 8.20ಕ್ಕೆ ಆರೋಪಿಯನ್ನು ದಸ್ತಗಿರಿ ಮಾಡಲಾಯಿತು.

ಸುದ್ದಿ ತಿಳಿದು ಠಾಣೆಗೆ ಓಡಿಬಂದ ಮುಬಶ್ಶಿರಾ, "ಯಂತ್ರ ಕೊಡಿ ಸರ್" ಎಂದಳು.

"ಕೊಡೋಕಾಗಲ್ಲಮ್ಮ. ಅದೀಗ ಕೋರ್ಟಿನ ಮಾಲು."

"ವೈವಾ ಗುರುವಾರ ಸರ್."

ಮುರಳಿಮೋಹನ್ ಹಣೆ ಒತ್ತಿಕೊಂಡ. ಕಳ್ಳನನ್ನು ಹಿಡಿದರೂ ಮುಗಿಯದ ಕೇಸು ಇದು. ಯಂತ್ರದ ಮಧ್ಯಂತರ ಬಿಡುಗಡೆಗೆ ಅವಳ ಕೈಯಲ್ಲಿ ಕೋರ್ಟಿಗೆ ಅರ್ಜಿ ಬರೆಸಿದ. ಈ ಸಲ ಅವಳು ಮೊದಲ ಯತ್ನಕ್ಕೇ ಅರ್ಧ ಪುಟದಲ್ಲಿ ಮುಗಿಸಿದಳು. ತಕರಾರಿಲ್ಲ ಎಂದು ಅವನೇ ವರದಿ ಹಾಕಿದ. ಬಾಂಡ್ ಮೇಲೆ ಯಂತ್ರ ಸೋಮವಾರ ಅವಳ ಕೈಸೇರಿತು. ಕಾಲೇಜು ಬೇರೆ ಗೈಡ್ ಕೊಟ್ಟಿತು. ಗುರುವಾರ ಪರೀಕ್ಷಕರು ಮೊಣಕಾಲುದ್ದ ನೀರಿನಲ್ಲಿ ನಿಂತು ಎರಡು ಗಂಟೆ ಪ್ರಶ್ನೆ ಕೇಳಿದರು, ಅವಳು ಪಾಸಾದಳು.

ವೆಂಕಟ್ ಹೇಳಿಕೆ ದಾಖಲಾದದ್ದು ದಸ್ತಗಿರಿಯಾದ ಶುಕ್ರವಾರವೇ, ಮಧ್ಯಾಹ್ನ. ಅವರು ವಕೀಲರಿಗೂ ಕಾಯಲಿಲ್ಲ.

"ಎರಡು ವರ್ಷ ಮಳೆ ಇಲ್ಲ. ಕೆರೆಗೆ ಹೋಗ್ತಿದ್ದೆ, ನೆಲ ನೋಡ್ತಿದ್ದೆ, ಬರ್ತಿದ್ದೆ. ವಿಷಯ ಬದಲಾಯಿಸೋಕೆ ಬಿಡಲಿಲ್ಲ, ಅವಧಿ ಮುಗೀತಿತ್ತು. ಡಿಗ್ರಿ ಇಲ್ದಿದ್ರೆ ಕೆಲಸ ಹೋಗ್ತಿತ್ತು. ಒಂದು ವಾರ ಕೂತು ಅಂಕಿ ಬರೆದೆ. ನನ್ನ ಗೈಡ್ ಒಂದೂ ಪ್ರಶ್ನೆ ಕೇಳದೆ ಸಹಿ ಹಾಕಿದ್ರು."

"ಯಂತ್ರ ಕೆರೆಗೇ ಎಸೀಬಹುದಿತ್ತಲ್ಲ?"

"ಎಸೆಯೋಕೇ ಹೋಗಿದ್ದೆ. ಕಾರ್ಡಲ್ಲಿ ಹನ್ನೊಂದು ತಿಂಗಳು ಒಂದು ಗಂಟೆಯೂ ತಪ್ಪಿರಲಿಲ್ಲ. ಕೈ ಬರಲಿಲ್ಲ."

ಆಮೇಲೆ ಕೇಳದೆಯೇ ಹೇಳಿದರು. "ಅವಳ ನಾಲ್ಕನೇ ಅಧ್ಯಾಯ ಸರಿಯಾಗೇ ಇದೆ. ಮೊದಲನೇ ಡ್ರಾಫ್ಟಲ್ಲೇ ಸರಿಯಾಗಿತ್ತು."

ಭಾರತಮ್ಮ ತಲೆಯೆತ್ತಿದಳು. "ಇದನ್ನೂ ಬರ್ಕೊಳ್ಳೋದಾ ಸರ್?"

"ಬರ್ಕೊಳ್ಳಿ," ಎಂದ ಮುರಳಿಮೋಹನ್.