ಹನ್ನೆರಡನೇ ನಿಮಿಷ

"ಅಣ್ಣಾ, ಇವತ್ತು ಯಾವ ಗಾಳಿ ತುಂಬ್ತೀಯ?" ಉಸಿರಾಟದ ಸಿಲಿಂಡರು ತಂದಿಟ್ಟು, ಸಮುದ್ರದಾಳಕ್ಕೆ ಇಳಿಯಲು ಹೊರಟ ತಮ್ಮ ಕೇಳಿದ.

"ಆಮ್ಲಜನಕ ಜಾಸ್ತಿ ಇರೋದು. ಸುಸ್ತಾಗಲ್ಲ."

"ನೀನು ಕೊಟ್ರೆ ವಿಷಾನೂ ಉಸಿರಾಡ್ತೀನಿ ಬಿಡು," ಎಂದು ನಕ್ಕ.

ಎಷ್ಟು ಆಳಕ್ಕೆಂದು ನಾನು ಕೇಳಲಿಲ್ಲ. ಬಹಳ ಆಳದಲ್ಲಿ ಆ ಹೆಚ್ಚಿನ ಆಮ್ಲಜನಕವೇ ವಿಷ. ನೀರಿಗಿಳಿದ ಹನ್ನೆರಡನೇ ನಿಮಿಷಕ್ಕೆ ಅವನ ಉಸಿರು ನಿಂತಿತು.

ಅವನ ಸಿಲಿಂಡರು ನಮ್ಮ ಅಂಗಡಿಯ ಮೂಲೆಯಲ್ಲೇ ಉಳಿಯಿತು. ಮರುವರ್ಷ ಅದೇ ದಿನ, ಅದರ ಬಾಯಿಯ ತಿರುಪು ಬಿಗಿದಂತೆಯೇ ಇದ್ದರೂ, ಒಳಗಿನ ಗಾಳಿ ತೋರಿಸುವ ಮಾಪಕದ ಮುಳ್ಳು ಯಾರೋ ಉಸಿರೆಳೆದಂತೆ ಅಷ್ಟಷ್ಟೇ ಇಳಿಯಿತು. ಮುಟ್ಟಿದರೆ ಲೋಹ ತಣ್ಣಗೆ ಕೊರೆಯುತ್ತಿತ್ತು. ಹನ್ನೆರಡನೇ ನಿಮಿಷಕ್ಕೆ ಮುಳ್ಳು ನಿಂತಿತು.

ಈ ವರ್ಷ ಅದೇ ದಿನ, ಉಳಿದದ್ದನ್ನು ಹೊರಬಿಟ್ಟು, ದೇವರಿಗೆ ಕೈಮುಗಿದು, ಹೆಚ್ಚಿನ ಆಮ್ಲಜನಕ ಬೆರೆಸದೆ ಬರೀ ಗಾಳಿ ತುಂಬಿಟ್ಟೆ. ಹನ್ನೆರಡು ನಿಮಿಷ ದಾಟಿತು, ಮುಳ್ಳು ನಿಲ್ಲಲಿಲ್ಲ. ನಾನು ಅತ್ತುಬಿಟ್ಟೆ. ಇಪ್ಪತ್ತೈದನೇ ನಿಮಿಷಕ್ಕೆ ಗಾಳಿಯೆಲ್ಲ ಮುಗಿಯಿತು.

ಸೊನ್ನೆಯ ಮೇಲೆ ಮುಳ್ಳು ಉಸಿರೆಳೆಯುವ ಲಯದಲ್ಲಿ ಈಗಲೂ ನಡುಗುತ್ತಿದೆ.