ಹಸಿರು ಉಡಕ್ಕೆ ಬೇಕಾದ ಬೆಳಕು

ಬಹಳ ಹಿಂದೆ, ರಾಜರಿಗೆ ಕೆಲಸ ಕಮ್ಮಿ, ಮಾಟಗಾರರಿಗೆ ಬಿಡುವು ಜಾಸ್ತಿ ಇದ್ದ ಕಾಲದಲ್ಲಿ, ಕತ್ತಲಕೋಟೆ ಅಂತ ಒಂದು ರಾಜ್ಯ ಇತ್ತು. ಮೊದಲಿಂದ ಆ ಹೆಸರಿರಲಿಲ್ಲ. ಅಲ್ಲಿನ ರಾಜ ಒಂದಿನ ಅರಮನೆ ಮಾಳಿಗೆ ಮೇಲೆ ಗಾಳಿಪಟ ಬಿಡ್ತಾ ನಿಂತಿದ್ದಾಗ ಸಿಡಿಲು ಬಡಿದು ಸತ್ತ. ರಾಜರು ಸಾಯೋ ರೀತಿ ಅಲ್ಲ ಅದು, ಆದ್ರೆ ಸಿಡಿಲು ಪದವಿ ನೋಡಲ್ಲ. ಅವತ್ತೇ ರಾಣಿ ಚಂದಲೆ ಅರಮನೆಯ ಕಿಟಕಿಗೆಲ್ಲ ಕಲ್ಲು ಇಡಿಸಿ ಗಾರೆ ಮೆತ್ತಿಸಿದ್ಲು. ಮಾಳಿಗೆ ಬಾಗಿಲಿಗೆ ಬೀಗ ಜಡಿದು, ಕೀಲಿಕೈಯನ್ನ ತಾಳಿ ಇದ್ದ ಜಾಗದಲ್ಲಿ ಕಟ್ಕೊಂಡ್ಲು. ಹೊರಗಿರೋದು ಕೊಲ್ಲುತ್ತೆ, ಒಳಗಿದ್ದೋರು ಬದುಕ್ತಾರೆ. ಅವಳಿಗೆ ಲೋಕದ ಬಗ್ಗೆ ತಿಳಿದಿದ್ದು ಅಷ್ಟೆ.

ಅವಳಿಗೆ ಇಬ್ರು ಮಕ್ಕಳು. ದೊಡ್ಡೋಳು ಮಾಚಲೆ. ಮಂಡಿವರೆಗೂ ಜಡೆ, ಪಾರಿವಾಳ ಬೆದರಿ ಹಾರೋ ಅಂಥ ನಗು. ಗುರುಕುಲಕ್ಕೆ ಹಾಕಿದ್ರೆ ಅರ್ಧಕ್ಕೇ ಬಿಟ್ಟು ಬಂದಿದ್ಲು. ಚಿಕ್ಕೋನು ಬೂಚ, ಪಟ್ಟಕ್ಕೆ ಬರಬೇಕಾದ ರಾಜಕುಮಾರ.

ಪಟ್ಟಾಭಿಷೇಕದ ದಿನ ಮಸಿಮಂಡೆ ಅನ್ನೋ ಮಾಟಗಾರ ಒಂದು ಬುಟ್ಟಿ ಹೊತ್ಕೊಂಡು ಸಭೆಗೆ ಬಂದ. ಹಿಂದೊಮ್ಮೆ ಮಳೆ ತರಿಸ್ತೀನಿ ಅಂತ ಊರಿಗೆಲ್ಲ ಟೋಪಿ ಹಾಕಿದ್ದಕ್ಕೆ ಸತ್ತ ರಾಜ ಇವನನ್ನ ಕತ್ತೆ ಮೇಲೆ ಕೂರಿಸಿ ಮೆರೆಸಿದ್ದ.

"ರಾಣಿಯಮ್ಮ, ಕತ್ತೆ ಸವಾರಿಯ ಋಣ ತೀರಿಸೋಕೆ ಬಂದೆ," ಅಂತ ಬುಟ್ಟಿ ಮುಚ್ಚಳ ತೆಗೆದ.

ಒಳಗೆ ಹಸಿರು ಪ್ರಾಣಿ. ಬೆನ್ನ ಮೇಲೆ ಬಾಚಣಿಗೆ ಹಲ್ಲಿನಂಥ ಮುಳ್ಳು, ಗದ್ದದ ಕೆಳಗೆ ಜೋಲುಚರ್ಮ, ಮೈಗಿಂತ ಉದ್ದ ಬಾಲ.

"ಏಳು ಸಮುದ್ರದಾಚೆ ಇದಕ್ಕೆ ಇಗ್ವಾನ ಅಂತಾರೆ. ಇದರ ಜೀವಕ್ಕೂ ನಿಮ್ಮ ಮಗನ ಜೀವಕ್ಕೂ ಗಂಟು ಹಾಕಿದೀನಿ. ಇದಕ್ಕೆ ನೋವಾದ್ರೆ ಅವನಿಗೂ ನೋವು. ಇದು ಸತ್ರೆ ಅವನೂ ಸತ್ತ. ಗಂಟು ಹಾಕಿದ ಮೇಲೆ ನಾನು ಇದನ್ನ ಮುಟ್ಟೋ ಹಾಗಿಲ್ಲ, ಅದು ನಮ್ಮ ಕಸುಬಿನ ಕಟ್ಟಳೆ. ನೀವೇ ಸಾಕಿ. ಪ್ರೀತಿಯಿಂದ ಸಾಕಿ."

ಸೈನಿಕರು ಅವನ ಮೇಲೆ ಈಟಿ ಎಸೆದ್ರು. ಈಟಿಗಳು ಗಾಳಿಯಲ್ಲೇ ಬೂದಿಯಾದ್ವು. ಮಸಿಮಂಡೆ ನೆಟ್ಟಗೆ ಹೋಗಿ ಕೋಟೆ ಹೊರಗಿನ ಒಣಮರ ಹತ್ತಿ, ಕಾಲು ಆಡಿಸ್ಕೊಂಡು ಕೂತ. ಅವನಿಗೇನೂ ಅವಸರ ಇರಲಿಲ್ಲ.

ರಾಣಿ ಆ ಪ್ರಾಣಿನ ಅರಮನೆಯ ನಟ್ಟನಡುವಿನ ಕೋಣೆಗೆ ಸಾಗಿಸಿದ್ಲು. ಬೆಳ್ಳಿ ಪಂಜರ, ರೇಷ್ಮೆ ಹಾಸು, ಸುತ್ತ ಹಗಲೂ ರಾತ್ರಿ ಉರಿಯೋ ತುಪ್ಪದ ದೀಪ, ಬಾಗಿಲಿಗೆ ಕಾವಲು. ಅರಮನೆಯ ಬೇಟೆಗಾರರು ಬಂದು ನೋಡಿ, "ಇದು ಉಡ. ಬಣ್ಣ ಮಾತ್ರ ಬೇರೆ," ಅಂದ್ರು. ಉಡ ಮೊಟ್ಟೆ ತಿನ್ನುತ್ತೆ, ಇಲಿ ತಿನ್ನುತ್ತೆ, ನಾಡಿಗೇ ಗೊತ್ತಿರೋ ವಿಷಯ. ಸರಿ, ಮೊಟ್ಟೆ ಬಂತು, ಕೊಚ್ಚಿದ ಮಾಂಸ ಬಂತು. ಪ್ರಾಣಿ ಮುಖ ತಿರುಗಿಸ್ತು. ಬಾಯಿ ಬಿಡಿಸಿ ತುರುಕಿದ್ರು. ರಾಣಿ ತನ್ನ ಕೈಯಾರೆ ಬಾದಾಮಿ ಪಾಯಸಕ್ಕೆ ತುಪ್ಪ ಸುರಿದು ಕುಡಿಸಿದ್ಲು. ಮೈ ತಣ್ಣಗಿದೆ ಅಂತ ಪಂಜರದ ಅಡಿಗೆ ಕೆಂಡದ ಅಗ್ಗಿಷ್ಟಿಕೆ ಇಡಿಸಿದ್ಲು.

ಆಚೆ ಕೋಣೆಯಲ್ಲಿ ಬೂಚನ ಹೊಟ್ಟೆ ಮೇಲೆ ಬೊಬ್ಬೆ ಎದ್ವು. ಗಂಟುಗಂಟು ಊದ್ಕೊಂಡ್ವು. ಕೈ ನಡುಗೋಕೆ ಶುರುವಾಯ್ತು, ಗದ್ದ ಮೇಣದ ಹಾಗೆ ಮೆತ್ತಗಾಯ್ತು, ಮೊಣಕಾಲಿನ ಕೆಳಗಿನ ಮೂಳೆ ಬಿಲ್ಲಿನ ಹಾಗೆ ಬಗ್ಗಿತು.

"ಅಕ್ಕ, ನಿದ್ದೆ ಬರ್ತಿಲ್ಲ," ಅಂದ. "ಕಣ್ಣು ಮುಚ್ಚಿದ್ರೂ ಒಳಗೆ ದೀಪ ಉರೀತಿದೆ."

ಮಾಚಲೆ ಅವನ ತಲೆ ಸವರ್ತಾ ಕೂತಿದ್ಲು. "ಏನಾದ್ರೂ ತಿಂತೀಯೇನೋ?"

"ಹೇಳಿದ್ರೆ ನಗ್ತೀಯ."

"ನಗ್ತೀನಿ. ಹೇಳು."

"ದಾಸವಾಳದ ಹೂವು ತಿನ್ನಬೇಕು ಅನ್ನಿಸ್ತಿದೆ. ಆಮೇಲೆ ನುಗ್ಗೆ ಸೊಪ್ಪು. ಬೇಯಿಸಬಾರದು, ಹಸೀದೇ ಬೇಕು."

ಮಾಚಲೆ ನಕ್ಕಳು, ಆಮೇಲೆ ತಟ್ಟನೆ ನಿಲ್ಲಿಸಿದ್ಲು. "ಇದು ನಿನ್ನ ಬಾಯಿಚಪಲ ಅಲ್ಲ ಕಣೋ. ಅದರದ್ದು."

ಹಿತ್ತಲಿಂದ ಎರಡನ್ನೂ ತಂದು ಸಣ್ಣಗೆ ಹೆಚ್ಚಿ ಪಂಜರದೊಳಗಿಟ್ಲು. ಪ್ರಾಣಿ ನಾಲಿಗೆ ಚಾಚಿ ಮುಟ್ಟಿ ನೋಡಿ, ಯಾರೂ ತುರುಕದೆ ತಾನಾಗೇ ತಿಂತು. ಆಚೆ ಕೋಣೆಯಲ್ಲಿ ಬೂಚ ಬಾಯಿ ಚಪ್ಪರಿಸಿದ. ಅವತ್ತಿಂದ ಮೊಟ್ಟೆ, ಮಾಂಸ, ಪಾಯಸ ಎಲ್ಲ ಬಂದ್. ನುಗ್ಗೆ ಸೊಪ್ಪು, ಹಿಪ್ಪುನೇರಳೆ ಎಲೆ, ಕುಂಬಳದ ಚಿಗುರು, ಹೂವು, ಮೇಲೊಂದಿಷ್ಟು ನೀರು ಚಿಮುಕಿಸೋದು. ಅಡುಗೆಯವರು ಸುಲಭ ಅಂತ ದಿನಾ ಪಾಲಕ್ ಸೊಪ್ಪೇ ಹಾಕಿದಾಗ ಬೂಚನ ಮೂಳೆಗೆ ಮತ್ತೆ ನೋವು ಬಂತು. ಅದನ್ನೂ ನಿಲ್ಲಿಸಿದ್ರು.

ರಾಣಿಗೆ ಸಿಟ್ಟು. "ಸೊಪ್ಪು ಹಾಕಿ ಹಾಕಿ ನನ್ನ ಮಗನ್ನ ಮೇಕೆ ಮಾಡ್ತಿದೀಯ."

"ಮೇಕೆ ಆದ್ರೂ ಆಗ್ಲಿ ಬಿಡಮ್ಮ, ಬದುಕಿದ್ರೆ ಸಾಕು."

ಊತ ಇಳೀತು. ಆದ್ರೆ ಮೂಳೆ ಗಟ್ಟಿಯಾಗಲಿಲ್ಲ.

"ಈಗೇನು ಬೇಕಂತೆ?" ಅಂದ್ಲು ಮಾಚಲೆ.

"ಬೆಳಕು," ಅಂದ ಬೂಚ. "ಈ ದೀಪ ಅಲ್ಲ. ಬಿಸಿಲು ಅನ್ಸುತ್ತೆ ಅಕ್ಕ. ನಂಗೆ ಅದು ಹೇಗಿರುತ್ತೆ ಅನ್ನೋದೇ ಮರೆತೋಗಿದೆ."

ಮಾಚಲೆ ಅಮ್ಮನ ಹತ್ರ ಮಾಳಿಗೆ ಕೀಲಿಕೈ ಕೇಳಿದ್ಲು. ರಾಣಿ ಅದನ್ನ ಮುಷ್ಟಿಯಲ್ಲಿ ಹಿಡ್ಕೊಂಡ್ಲು. "ಆ ಬಾಗಿಲ ಮಾತು ಎತ್ತಬೇಡ. ಈ ಕೋಣೆಯಿಂದ ಅದು ಹೊರಗೆ ಹೋಗಲ್ಲ. ಬೇರೆ ಯಾವ ಬೆಳಕು ಬೇಕಾದ್ರೂ ತಂದು ಹಾಕು."

ಸರಿ, ಮಾಚಲೆ ಬೆಳಕು ಹುಡುಕ್ಕೊಂಡು ಹೊರಟ್ಲು.

ಮೊದಲು ಸುಡುಗಾಡಿಗೆ ಹೋದ್ಲು. ಮೋಡ ಕವಿದ ನಡುಮಧ್ಯಾಹ್ನ. ತಲೆ ಮೇಲೆ ಕೆಂಡ ಹೊತ್ಕೊಂಡು ಒಂದು ಕೊಳ್ಳಿದೆವ್ವ ಸಮಾಧಿ ಕಲ್ಲಿಗೊರಗಿ ತೂಕಡಿಸ್ತಿತ್ತು.

"ಏನಮ್ಮಣ್ಣಿ, ಬದುಕಿದ್ದಾಗಲೇ ಬಂದುಬಿಟ್ಟೆ."

"ಜಾಗ ಹೇಗಿದೆ ನೋಡೋಣ ಅಂತ. ಆರದೇ ಇರೋ ಕೆಂಡ ಒಂದು ಬೇಕು. ನನ್ನ ತಮ್ಮ ಸಾಯ್ತಿದಾನೆ."

"ಇಲ್ಲಿಗೆ ಬರೋರೆಲ್ಲ ಅದನ್ನೇ ಹೇಳ್ತಾರೆ. ಜಡೆ ಕೊಡು. ಹಾಸ್ಕೊಂಡು ಮಲಗೋಕೆ ಮೆತ್ತಗಿರುತ್ತೆ."

ಅವಳು ಜಡೆ ಕತ್ತರಿಸಿ ಕೊಟ್ಲು. ಕೆಂಡ ತಂದು ಅಗ್ಗಿಷ್ಟಿಕೆ ತೆಗೆಸಿ, ಪಂಜರದ ಒಂದು ಮೂಲೆಯಲ್ಲಿ, ಮೇಲುಗಡೆ ತೂಗುಹಾಕಿದ್ಲು. ಪ್ರಾಣಿ ಬಿಸಿ ಬೇಕಾದಾಗ ಅದರ ಕೆಳಗೆ ಬಂತು, ಸಾಕಾದಾಗ ಈಚೆ ಸರೀತು. ತಿಂದಿದ್ದು ಅರಗೋಕೆ ಶುರುವಾಯ್ತು. ಬೂಚ ಎದ್ದು ಕೂತ. ಕೂತ, ಅಷ್ಟೆ.

"ಬೆಚ್ಚಗಿದೆ ಅಕ್ಕ. ಆದ್ರೆ ಮಬ್ಬು."

ಎರಡನೇ ಸಲ ಹಾಳುಬಯಲಿನ ಹುತ್ತಕ್ಕೆ ಹೋದ್ಲು. ಹೆಡೆಯಲ್ಲಿ ಮಣಿ ಇಟ್ಕೊಂಡಿದ್ದ ಮುದಿ ಸರ್ಪ ಹೊರಗೆ ಬಂತು. ಬಯಲೆಲ್ಲ ಹಾಲು ಚೆಲ್ಲಿದ ಹಾಗೆ ಬೆಳ್ಳಗಾಯ್ತು.

"ಮಣಿ ಕೊಡ್ತೀನಿ ಮಗಳೆ. ನಂಗೆ ಕಣ್ಣೂ ಕಾಣಲ್ಲ, ಇಟ್ಕೊಂಡೇನು ಮಾಡ್ಲಿ. ಬದಲಿಗೆ ನಿನ್ನ ನಗು ಕೊಡು. ಈ ಹುತ್ತದಲ್ಲಿ ಸದ್ದೇ ಇಲ್ಲ."

ಮಾಚಲೆ ನಗು ಕೊಟ್ಲು. ಹುತ್ತದ ಒಳಗಿಂದ ಅವಳ ನಗು ಅವಳಿಗೇ ಕೇಳಿಸ್ತು.

ಸರ್ಪ ವ್ಯಾಪಾರದಲ್ಲಿ ಪ್ರಾಮಾಣಿಕ. ಮಣಿಯ ಜೊತೆ ಒಂದು ಮಾತೂ ಕೊಡ್ತು: "ಮಸಿಮಂಡೆ ಗಂಟು ಹಾಕಿರೋದು ಅದರ ಚರ್ಮಕ್ಕೆ. ನಮ್ಮ ಹಾಗೆ ಅದೂ ಪೊರೆ ಬಿಡೋ ಜಾತಿ. ಪೊರೆ ಪೂರ್ತಿ ಕಳಚಿದ್ರೆ ಗಂಟೂ ಕಳಚುತ್ತೆ. ಆದ್ರೆ ಸೊರಗಿದ ಮೈ ಪೊರೆ ಬಿಡಲ್ಲ. ಅವನು ಮರದ ಮೇಲೆ ಅಷ್ಟು ನೆಮ್ಮದಿಯಾಗಿ ಕೂತಿರೋದು ಅದಕ್ಕೇ."

ಹಗಲು ಮಣಿಯ ಬೆಳಕು, ಕೆಂಡದ ಶಾಖ. ಸಂಜೆಯಾದ್ರೆ ಮಣಿಗೆ ಕರಿಬಟ್ಟೆ ಮುಚ್ಚಿ, ಕೆಂಡವನ್ನ ಮಡಕೆಯೊಳಗೆ ಮರೆಮಾಡಿ, ತುಪ್ಪದ ದೀಪ ಎಲ್ಲ ಆರಿಸಿ ಕತ್ತಲು ಮಾಡಿದ್ಲು. ಪ್ರಾಣಿ ಮಲಗ್ತು. ಬೂಚನೂ ಮಲಗಿದ, ಎಷ್ಟೋ ದಿನದ ಮೇಲೆ. ಎದ್ದು ಹೇಳಿದ, "ಬಿಸಿ ಇದೆ, ಬೆಳಕಿದೆ. ಆದ್ರೂ ಮೂಳೆಗೆ ಏನೂ ಇಳೀತಿಲ್ಲ ಅಕ್ಕ. ಊಟದ ಚಿತ್ರ ನೋಡಿದ ಹಾಗಿದೆ."

ಮಾಚಲೆ ನಗಬೇಕಿತ್ತು. ಬಾಯಿ ತೆರೆದ್ಲು, ಏನೂ ಬರಲಿಲ್ಲ.

ದೆವ್ವ ಆಯ್ತು, ಸರ್ಪ ಆಯ್ತು. ಮೂರನೇ ಸಲ ಅಮ್ಮನ ಹತ್ರ ಹೋಗಬೇಕಿತ್ತು. ಇದಕ್ಕಿಂತ ಸುಡುಗಾಡೇ ವಾಸಿ ಅನ್ಸಿತು ಅವಳಿಗೆ.

ರಾಣಿ ಮಗಳ ಮೋಟುಗೂದಲು ನೋಡಿದ್ಲು, ನಗು ಹೋದ ಮುಖ ನೋಡಿದ್ಲು. ಸ್ವಲ್ಪ ಬಗ್ಗಿದ್ಲು, ಪೂರ್ತಿ ಬಗ್ಗಲಿಲ್ಲ. ಒಂದು ಕಿಟಕಿಯ ಕಲ್ಲು ತೆಗೆಸಿ ಅಲ್ಲಿಗೆ ದಪ್ಪ ಗಾಜು ಕೂರಿಸಿದ್ಲು. "ಬಿಸಿಲು ಬರುತ್ತೆ, ಇದನ್ನ ಎತ್ಕೊಂಡು ಹೋಗೋ ಹದ್ದು ಬರಲ್ಲ. ಇನ್ನೇನು ಬೇಕು?"

ಗಾಜಿನ ಹಿಂದೆ ಪಂಜರ ಇಟ್ರು. ಬಿಸಿಲು ಚಿನ್ನದ ಹಾಗೆ ಬಿತ್ತು, ಕೋಣೆಯೇ ಝಗಮಗ. ನೋಡೋಕೆ ಎಲ್ಲ ಸರಿಯಾಗಿತ್ತು. ದಿನ ಕಳೀತು. ಒಂದು ಬೆಳಿಗ್ಗೆ ಬೂಚ ನೀರಿನ ತಂಬಿಗೆ ಎತ್ತಿದ. ತಂಬಿಗೆ, ಕೊಡ ಅಲ್ಲ. ಒಣಕಡ್ಡಿ ಮುರಿದ ಸದ್ದು ಬಂತು. ಅವನ ಮುಂಗೈ ಮುರಿದು ಜೋತುಬಿತ್ತು. ಪಕ್ಕದ ಕೋಣೆಯಲ್ಲಿ ಪ್ರಾಣಿ ಮುಂಗಾಲು ಮಡಚಿ ಬಿದ್ದಿತ್ತು.

ರಾಣಿ ಆ ಸದ್ದು ಕೇಳಿದ್ಲು.

"ಗಾಜಿಂದ ಬೆಳಕು ಬರುತ್ತೆ ಅಮ್ಮ," ಅಂದ್ಲು ಮಾಚಲೆ. "ಬೆಳಕಿನ ಒಳಗಿರೋ ಕಸುವು ಬರಲ್ಲ. ಅದು ಗಾಜಿನ ಆಚೆಗೇ ನಿಂತ್ಬಿಡುತ್ತೆ."

"ಮೇಲೆ ಹದ್ದಿದೆ. ಸಿಡಿಲಿದೆ. ನಿಮ್ಮಪ್ಪ ಅಲ್ಲೇ..."

"ಇದೆ ಅಮ್ಮ. ಇಲ್ಲ ಅಂತ ನಾನು ಹೇಳಲ್ಲ."

ರಾಣಿ ಮಗನ ಮುರಿದ ಕೈ ನೋಡಿದ್ಲು. "ಇಷ್ಟು ದಿನ ಅವನನ್ನ ಮುರೀತಿದ್ದಿದ್ದು ನಾನೇನಾ?" ಅಂದ್ಲು. ಕೊರಳಿಂದ ಕೀಲಿಕೈಯ ದಾರ ಕಿತ್ತಳು.

ಮಾಳಿಗೆಯ ಬೀಗ ತುಕ್ಕು ಹಿಡಿದಿತ್ತು. ಬಾಗಿಲು ಒದ್ದು ತೆಗೆದ್ರು. ಬಯಲು ಬಿಸಿಲು ಮೈ ಮೇಲೆ ಬಿದ್ದ ಕೂಡಲೇ ಪ್ರಾಣಿ ಕಣ್ಣು ಅರ್ಧ ಮುಚ್ಚಿ, ಮೈ ಚಪ್ಪಟೆ ಮಾಡ್ಕೊಂಡು, ಬೆಳಕನ್ನ ಕುಡಿಯೋಕೆ ಶುರುಮಾಡ್ತು. ಕೆಳಗೆ ಬೂಚ ಹಾಸಿಗೆಯಲ್ಲಿ ಅತ್ತ. ನೋವಿಗಲ್ಲ.

ದಿನಾ ಬೆಳಿಗ್ಗೆ ರಾಣಿನೇ ಅದನ್ನ ಎತ್ಕೊಂಡು ಮೇಲೆ ಬರ್ತಿದ್ಲು. ಒಂದು ಪಕ್ಕ ಬಿಸಿಲು, ಒಂದು ಪಕ್ಕ ಬಾಳೆಎಲೆಯ ನೆರಳು. ಸೂರ್ಯ ಇಳಿದ್ರೆ ಒಳಗೆ, ಕತ್ತಲಿಗೆ. ಮೋಡ ಕಂಡಾಗೆಲ್ಲ ಬಾಗಿಲ ಕಡೆ ತಿರುಗಿ ನೋಡ್ತಿದ್ಲು, ಆದ್ರೂ ಮುಚ್ಚು ಅನ್ನಲಿಲ್ಲ. ಗದ್ದ ಗಟ್ಟಿಯಾಯ್ತು, ಮುರಿದ ಮುಂಗೈ ಕೂಡ್ಕೊಳ್ತು. ಒಂದಿನ ಪ್ರಾಣಿಯ ಭುಜದ ಚರ್ಮ ಕಾಗದದ ಹಾಗೆ ಎದ್ದು ಬಂತು. ಆಮೇಲೆ ಬೆನ್ನು, ಆಮೇಲೆ ಕಾಲು. ಉಳಿದಿದ್ದು ಬಾಲದ ಪೊರೆ ಒಂದೇ. ಗಂಟು ಜಾರಿ ಜಾರಿ ಅಲ್ಲಿಗೆ ಬಂದು ನಿಂತಿತ್ತು, ಒಂದು ಕರೀ ದಾರದ ಹಾಗೆ ಕಾಣ್ತಿತ್ತು.

ಒಣಮರದ ಮೇಲಿದ್ದ ಮಸಿಮಂಡೆ ಕಾಲು ಆಡಿಸೋದು ನಿಲ್ಲಿಸಿದ. ಕಟ್ಟಳೆ ಗಿಟ್ಟಳೆ ಮರೆತ. ಹದ್ದಾಗಿ ಹಾರಿ ಬಂದ.

ರಾಣಿ ನೆರಳು ನೋಡಿ ತಲೆ ಎತ್ತಿದ್ಲು. ಪ್ರಾಣಿನ ಬಾಚಿಕೊಂಡು ಒಳಗೆ ಓಡೋಕೆ ಕಾಲು ತಾನಾಗೇ ತಿರುಗಿತ್ತು. ಓಡಲಿಲ್ಲ. ಅದರ ಮುಂದೆ ಎರಡೂ ಕೈ ಅಗಲಿಸಿ ನಿಂತ್ಲು. ಹದ್ದು ಅವಳ ಹೆಗಲನ್ನ ಸೀಳಿಕೊಂಡು ಹೋಗಿ ಉಗುರು ಹಾಕ್ತು. ಉಗುರಿಗೆ ಸಿಕ್ಕಿದ್ದು ಬಾಲ. ಆ ಜಾತಿಗೆ ಒಂದು ಗುಣ ಇದೆ, ಬಾಲ ಹಿಡಿದ್ರೆ ಬಾಲ ಬಿಟ್ಟು ಹೋಗುತ್ತೆ. ಪ್ರಾಣಿ ಬಾಳೆಎಲೆ ಕೆಳಗೆ ಓಡ್ತು. ತುಂಡಾದ ಬಾಲ, ಅದರ ಮೇಲಿನ ಪೊರೆ, ಅದಕ್ಕೆ ಸುತ್ತಿದ ಗಂಟು, ಎಲ್ಲ ಮಸಿಮಂಡೆ ಉಗುರಲ್ಲಿ ಉಳೀತು. ಕೆಳಗೆ ಬೂಚ ಒಮ್ಮೆ ಕಿರುಚಿ ಸುಮ್ಮನಾದ.

ಗಂಟಿಗೆ ಯಾವುದಾದ್ರೂ ಒಂದು ಜೀವ ಬೇಕು. ಹಿಡಿದಿದ್ದವನ ಜೀವಕ್ಕೇ ಸುತ್ಕೊಳ್ತು. ಕಿತ್ತ ಬಾಲ ಸ್ವಲ್ಪ ಹೊತ್ತು ತಾನೇ ಒದ್ದಾಡುತ್ತೆ. ಅದು ಒದ್ದಾಡಿದಷ್ಟು ಹೊತ್ತು ಮಸಿಮಂಡೆಯೂ ಮಾಳಿಗೆ ಮೇಲೆ ಒದ್ದಾಡಿದ. ಬಾಲ ನಿಂತಾಗ ಅವನೂ ನಿಂತ, ಒಂದು ಹಿಡಿ ಮಸಿಯಾದ. ಗಾಳಿ ಬಂತು, ಮಸಿ ಹಾರಿಹೋಯ್ತು.

ಬೂಚನಿಗೆ ಪಟ್ಟ ಆಯ್ತು. ಬಗ್ಗಿದ ಕಾಲು ಮತ್ತೆ ನೆಟ್ಟಗಾಗಲಿಲ್ಲ, ಊರುಗೋಲು ಹಿಡಿದೇ ಸಿಂಹಾಸನ ಹತ್ತಿದ. ಅರಮನೆಯ ಕಿಟಕಿಗಳ ಕಲ್ಲೆಲ್ಲ ಒಡೆಸಿದ್ರು. ರಾಣಿಯ ಎಡಗೈ ಹೆಗಲಿಂದ ಮೇಲೆ ಏಳಲಿಲ್ಲ, ಆದ್ರೆ ಅವಳು ನೆಮ್ಮದಿಯಾಗಿ ನಿದ್ದೆ ಮಾಡ್ತಿದ್ಲು. ಮಾಚಲೆಗೆ ಜಡೆ ಮತ್ತೆ ಬಂತು. ನಗು ಬರಲಿಲ್ಲ. ತಮಾಷೆ ಮಾತ್ರ ಬಿಡಲಿಲ್ಲ, ಸಭೆಯೆಲ್ಲ ಹೊಟ್ಟೆ ಹಿಡ್ಕೊಂಡು ನಗುವಾಗ ತಾನು ಕಲ್ಲಿನ ಹಾಗೆ ಕೂತಿರ್ತಿದ್ಲು. ಇಷ್ಟಕ್ಕೆ ಸುಖವಾಗಿದ್ರು ಅನ್ನಬಹುದಾದ್ರೆ, ಎಲ್ರೂ ಸುಖವಾಗಿದ್ರು.

ಒಂದು ಬೆಳಿಗ್ಗೆ ಅಕ್ಕ ತಮ್ಮ ಇಬ್ರೂ ಮಾಳಿಗೆ ಮೇಲೆ ಕೂತಿದ್ರು. ಮೋಟು ಬಾಲದ ಹಸಿರು ಪ್ರಾಣಿ ಬಿಸಿಲಲ್ಲಿ ಮಲಗಿತ್ತು. ರಾಜ ಬೂಚ ಒಂದು ಕೈಯಲ್ಲಿ ನುಗ್ಗೆ ಸೊಪ್ಪು, ಇನ್ನೊಂದರಲ್ಲಿ ದಾಸವಾಳ ಹಿಡ್ಕೊಂಡು ಪೆಚ್ಚಾಗಿ ಕೂತಿದ್ದ.

"ಈಗ ಇದಕ್ಕೆ ಹಸಿವಾದ್ರೆ ನಂಗೆ ಗೊತ್ತಾಗಲ್ಲ ಅಕ್ಕ. ಚಳಿಯಾದ್ರೂ ಗೊತ್ತಾಗಲ್ಲ. ನೋವಾದ್ರೂ."

"ಬೇರೆಯವರಿಗೆಲ್ಲ ಹಾಗೇ ಕಣೋ," ಅಂದ್ಲು ಮಾಚಲೆ. "ಪಕ್ಕದಲ್ಲಿ ಕೂತು ನೋಡ್ತಾ ಇರಬೇಕು."

ಬೂಚ ಊರುಗೋಲು ಪಕ್ಕಕ್ಕಿಟ್ಟು, ಎರಡನ್ನೂ ಅದರ ಮುಂದಿಟ್ಟು, ನೋಡ್ತಾ ಕೂತ.